ದೊಡ್ಡದು ಹಾಕಿದ ಬೀಗ

ಒಂದು ಊರು. ಊರಿಗೊಂದು ಹಾಲಿನ ಡೈರಿ. ಡೈರಿಗೊಬ್ಬಳು ಸೆಕ್ರೆಟರಿ, ಪಿಳ್ಳಮ್ಮ. ಪಿಳ್ಳಮ್ಮನಿಗೊಬ್ಬ ಮಗ, ಮುನಿಶಾಮಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕಷ್ಟ.

ಡೈರಿಗೆ ಹೊಸ ಯಂತ್ರ ಬಂತು. ಒಂದು ಲೋಟ ಹಾಲು ಕೊಟ್ಟರೆ ಸಾಕು, ಕೊಬ್ಬೆಷ್ಟು ನೀರೆಷ್ಟು ಅಂತ ಅಳೆಯುತ್ತದೆ. ಅಳೆದ ನಂಬರನ್ನು ಗಾಳಿಯಲ್ಲೇ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರಿನ ಬೆನ್ನಿಗೆ ಹುಣಿಸೆ ಬೀಜದಷ್ಟು ಒಂದು ಕಡ್ಡಿ ಸಿಕ್ಕಿಸಿದೆ. ನಂಬರು ಹಿಡಿಯುವುದು ಆ ಕಡ್ಡಿ. ದಾರಿಯಲ್ಲಿ ಯಾರೂ ನಂಬರು ತಿದ್ದಬಾರದು ಅಂತ ಅದಕ್ಕೊಂದು ಬೀಗ. ಕಣ್ಣಿಗೆ ಕಾಣದ ಬೀಗ.

ಬೀಗ ಹಾಕಿದ ದಿನದಿಂದ ನಂಬರೇ ಬರಲಿಲ್ಲ.

ಹಾಲಿನ ಲಾರಿಯ ಆಂಜಿನಪ್ಪ ಬೆಳಿಗ್ಗೆ ಹೇಳಿ ಹೋದ. "ಪಿಳ್ಳಕ್ಕ, ಇಷ್ಟು ದಿನ ಕೈಬರಹ ನಡೀತು. ಈವತ್ತು ಸಂಜೆ ನಂಬರು ಬರಲಿಲ್ಲ ಅಂದ್ರೆ ಹಾಲು ಎತ್ತಲ್ಲ. ಮೇಲಿನವರ ಆರ್ಡರು. ಡೈರಿ ಮುಚ್ಚಿಸ್ತಾರೆ."

"ಊರ ಹಾಲು ಎಲ್ಲಿ ಸುರೀಲಪ್ಪ?"

"ಅದು ನಂಗೊತ್ತಿಲ್ಲ."

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಮೀರ್‌ಜಾನ್ ಸಾಬರಿದ್ದರು. ಅಂಗಡಿಯಲ್ಲಿ ಜನ ಇದ್ದರೆ ಅವರು ಫೋನ್ ಎತ್ತುವವರಲ್ಲ. ಪಿಳ್ಳಮ್ಮ ಡೈರಿ ಬಿಟ್ಟು ಹೋಗುವ ಹಾಗಿಲ್ಲ.

"ಶಾಮೀ! ಸೈಕಲ್ ತಗೊಂಡು ಹೋಗು. ಕಡ್ಡಿ ಕೆಲಸ ಮಾಡ್ತಿಲ್ಲ ಅನ್ನು. ಅವರು ಏನು ಹೇಳ್ತಾರೋ ಅದನ್ನೇ ಬಂದು ಮಾಡು."

ಶಾಮಿ ಹೋದ. ಕೇಳಿದ. ಬಂದ. ಕಡ್ಡಿ ಕಿತ್ತ. ಉಫ್ ಅಂತ ಊದಿದ. ಮತ್ತೆ ಸಿಕ್ಕಿಸಿದ. ಕಡ್ಡಿಯಲ್ಲಿ ಹಸಿರು ದೀಪ ಹತ್ತಿತು.

"ಹತ್ತಿತು ಕಣೋ!" ಅಂದಳು ಪಿಳ್ಳಮ್ಮ.

ಶಾಮಿ ಕಡ್ಡಿ ಕಿತ್ತ. ಊದಿದ. ಸಿಕ್ಕಿಸಿದ. ದೀಪ ಹತ್ತಿತು. ಕಿತ್ತ. ಊದಿದ. ಸಿಕ್ಕಿಸಿದ.

"ಯಾಕೋ? ಯಾಕೋ ಕೀಳ್ತೀಯ?"

"ಕಿತ್ತು, ಊದಿ, ಸಿಕ್ಕಿಸು ಅಂದ್ರಮ್ಮ. ನಿಲ್ಲಿಸು ಅನ್ನಲಿಲ್ಲ."

ಪಿಳ್ಳಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಉರೀತಾ ಇರೋದನ್ನ ಮುಟ್ಟಬಾರದು! ತಿಳೀತಾ?"

"ತಿಳೀತಮ್ಮ. ಉರೀತಾ ಇರೋದನ್ನ ಮುಟ್ಟಬಾರದು."

ದೀಪವೇನೋ ಉರಿಯಿತು. ನಂಬರು ಮಾತ್ರ ಬರಲಿಲ್ಲ. ಪಿಳ್ಳಮ್ಮ ಕಂಪ್ಯೂಟರ್ ಮುಂದೆ ಕೂತು ಕಣ್ಣು ಕಿರಿದು ಮಾಡಿ ನೋಡಿದಳು. ತಲೆ ಸಿಡಿಯಿತು. ಡೈರಿಯ ಹಿಂದೆಯೇ ಮನೆ. ಒಲೆ ಮೇಲೆ ಕಾಫಿಗೆ ಹಾಲಿಟ್ಟಿದ್ದಳು.

"ಶಾಮೀ, ಹೋಗಿ ಒಲೆ ನೋಡ್ಕೋ."

ಶಾಮಿ ಹೋಗಿ ಒಲೆ ಮುಂದೆ ಕೂತ. ನೋಡಿದ. ಹಾಲು ಕಾಯಿತು. ನೋಡಿದ. ಹಾಲು ಉಕ್ಕಿತು. ನೋಡಿದ. ಒಲೆ ತುಂಬ, ಕಟ್ಟೆ ತುಂಬ, ನೆಲದ ತುಂಬ ಹಾಲು ಹರಿಯಿತು. ಸೀದ ವಾಸನೆಗೆ ಪಿಳ್ಳಮ್ಮ ಓಡಿ ಬಂದಳು.

"ಆರಿಸಬಾರದೇನೋ!"

"ಉರೀತಾ ಇತ್ತಮ್ಮ. ಮುಟ್ಟಲಿಲ್ಲ."

"ನಿನ್ನ ಹೆತ್ತ ಹೊಟ್ಟೆಗೆ ನಾನೇ ಹೊಡ್ಕೋಬೇಕು! ಹಾಲು ಉಕ್ಕಿ ಬಂದ್ರೆ ಒಂದಿಷ್ಟು ನೀರು ಚಿಮುಕಿಸ್ಬೇಕು ಕಣೋ! ಇಳೀತದೆ!"

"ಆಗಲಮ್ಮ. ಉಕ್ಕಿ ಬಂದ್ರೆ ನೀರು."

ಮತ್ತೆ ಪೇಟೆಗೆ ಅಟ್ಟಿದಳು. "ದೀಪ ಉರೀತದೆ, ನಂಬರು ಬರಲ್ಲ ಅನ್ನು." ಸಾಬರು ಒಂದು ಪೆನ್‌ಡ್ರೈವ್ ಕೊಟ್ಟರು. "ಡ್ರೈವರ್ ಹಳೇದಾಗಿದೆ. ಕಡ್ಡಿ ಮಾತು ಕಂಪ್ಯೂಟರಿಗೆ ತಿಳಿಸೋ ಪ್ರೋಗ್ರಾಂ ಅದೇ. ಹಳೇದು ತೆಗೆದು ಇದನ್ನ ಹಾಕಿ ಅಂತ ನಿಮ್ಮಮ್ಮನಿಗೆ ಹೇಳು."

ಪಿಳ್ಳಮ್ಮ ಹಳೇದು ತೆಗೆದಳು. ಹೊಸದು ಹಾಕಿದಳು. ದೀಪ ಉರಿಯಿತು. ನಂಬರು ಬರಲಿಲ್ಲ.

ಅಷ್ಟರಲ್ಲಿ ಸಂಜೆ. ಹೆಂಗಸರು ಹಾಲು ಹಿಡಿದು ಸಾಲು ನಿಂತರು. ಎಲ್ಲರಿಗಿಂತ ಮುಂದೆ ಯಲ್ಲಕ್ಕ. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು.

"ಪಿಳ್ಳಮ್ಮ, ನಿನ್ನ ಗಾಳಿ ಯಂತ್ರ ಕೆಟ್ರೆ ನಮ್ಮ ಹಾಲು ಯಾಕೆ ಕೆಡಬೇಕು? ನಾಳೆಯಿಂದ ನಿನ್ನ ಮಗನ್ನೇ ಸೆಕ್ರೆಟರಿ ಮಾಡ್ತೀವಿ ಬಿಡು!"

"ಹಾಕಮ್ಮ ನಿನ್ನ ಹಾಲು," ಅಂದಳು ಪಿಳ್ಳಮ್ಮ.

ಯಲ್ಲಕ್ಕ ಎತ್ತರದಿಂದ ಕ್ಯಾನಿಗೆ ಸುರಿದಳು. ಕರೆದ ಬಿಸಿ ಆರದ ಎಮ್ಮೆ ಹಾಲು. ನೊರೆ ಎದ್ದಿತು. ಕ್ಯಾನಿನ ಕಂಠಕ್ಕೆ ಬಂತು.

ಶಾಮಿ ನೋಡಿದ. ಉಕ್ಕಿ ಬಂತು ಅಂದುಕೊಂಡ. ಒಂದು ಚೊಂಬು ನೀರು ಹೊಯ್ದ.

ಸಾಲಿನವರೆಲ್ಲ ಕತ್ತು ಚಾಚಿದರು.

"ನೋಡಿದ್ರೇನ್ರೇ!" ಯಲ್ಲಕ್ಕ ಕೂಗಿದಳು. "ಸೆಕ್ರೆಟರಿ ಮಗ ಡೈರಿ ಹಾಲಿಗೆ ನೀರು ಹಾಕ್ತಾನೆ! ಎಲ್ಲರ ಕಣ್ಣೆದುರೇ ಹಾಕ್ತಾನೆ!"

"ಇಳೀತಲ್ಲಮ್ಮ," ಅಂದ ಶಾಮಿ.

ಪಿಳ್ಳಮ್ಮ ಆ ಕ್ಯಾನನ್ನು ಬೇಲಿಗೆ ಸುರಿದಳು. ಯಲ್ಲಕ್ಕನಿಗೆ ಬದಲಿಗೆ ತನ್ನ ಹಸುವಿನ ಹಾಲು ಕೊಟ್ಟಳು. ಆಮೇಲೆ ಮಗನ ಕಿವಿ ಹಿಡಿದಳು. "ಹಾಲಿಗೆ ನೀರು ಹಾಕಬಾರದು! ಉಕ್ಕಲಿ, ಹರೀಲಿ, ಊರೇ ಮುಳುಗಲಿ, ಹಾಲಿಗೆ ನೀರು ಹಾಕಬಾರದು! ಹೇಳು!"

"ಹಾಲಿಗೆ ನೀರು ಹಾಕಬಾರದು."

ಪಿಳ್ಳಮ್ಮ ಸಾಬರಿಗೆ ಫೋನ್ ಮಾಡಿದಳು. ಈ ಸಲ ಅವರು ಎತ್ತಿದರು.

"ಪಿಳ್ಳಮ್ಮ, ಒಂದು ಸಲ ಬೀಗ ತೆಗೆದು ನೋಡಿ."

ತೆಗೆದಳು. ನಂಬರು ಟಕ್ಕನೆ ಬಂತು. ಬೀಗ ಹಾಕಿದಳು. ನಿಂತಿತು.

"ಹಾಗನ್ನಿ! ಬೀಗ ಹಾಕೋ ಜಾಗದಲ್ಲೇ ತಪ್ಪಿದೆ. ಆ ಕಡ್ಡಿಯೊಳಗೆ ಒಂದು ಸಣ್ಣ ಚಿಪ್ ಇದೆ. ಬೀಗ ಹಾಕೋದು ತೆಗೆಯೋದು ಅದೇ. ಹೊಸ ಬೀಗ ಅದರ ಕೈಲಿ ಆಗ್ತಿಲ್ಲ. ಆ ಕೆಲಸ ಅದರಿಂದ ಬಿಡಿಸಿ ಕಂಪ್ಯೂಟರಿಗೆ ಒಪ್ಪಿಸ್ಬೇಕು. ಹೇಳ್ತೀನಿ, ಒತ್ತಿ."

ಪಿಳ್ಳಮ್ಮ ಒತ್ತಿದಳು. ಅವರು ಒಂದು ಹೇಳುವ ಮುಂಚೆ ಎರಡು ಒತ್ತಿದಳು. ಪರದೆ ಮೇಲಿದ್ದದ್ದೆಲ್ಲ ಮಾಯವಾಯಿತು. ಮೊದಲಿಂದ ಒತ್ತಿದಳು. ಮತ್ತೆ ಮಾಯ.

"ನೀವು ಮುಂದಮುಂದಕ್ಕೆ ಯೋಚನೆ ಮಾಡ್ತೀರಿ ತಾಯಿ," ಅಂದರು ಸಾಬರು. "ಫೋನ್ ಅವನಿಗೆ ಕೊಡಿ."

"ಇವನಿಗಾ?"

"ಕೊಡೀಂದ್ರೆ!"

ಶಾಮಿ ಕೂತ. ಮೇಲಿನದು ಒತ್ತು ಅಂದರು. ಮೇಲಿನದು ಒತ್ತಿದ. ಬಿಡು ಅಂದರು. ಬಿಟ್ಟ. ಕಡ್ಡಿಯ ಹೆಸರಿನ ಮೇಲೆ ಒತ್ತು ಅಂದರು. ಒತ್ತಿದ. ಬೀಗ ಅನ್ನುವ ಸಾಲಿನಲ್ಲಿ 'ಕಡ್ಡಿ' ಅಂತಿರೋದನ್ನ 'ಕಂಪ್ಯೂಟರ್' ಅಂತ ಮಾಡು ಅಂದರು. ಮಾಡಿದ. ಹೆಚ್ಚಲ್ಲ, ಕಡಿಮೆಯಲ್ಲ.

ಬೀಗ ಹಾಕಿದ ಹಾಗೇ ಇತ್ತು. ನಂಬರು ಟಕ್ಕನೆ ಬಂತು!

ಪಿಳ್ಳಮ್ಮ ಕೈ ಮುಗಿದಳು. ಹೆಂಗಸರು ನಕ್ಕರು. ಯಲ್ಲಕ್ಕ ಕೂಡ, "ಪರವಾಗಿಲ್ಲ ಬಿಡು ನಿನ್ನ ಮಗ," ಅಂದಳು.

"ಶಭಾಷ್ ಮಗಾ!" ಅಂದರು ಸಾಬರು ಫೋನಿನಲ್ಲಿ. "ಒಂದು ಮಾತು ನೆನಪಿಟ್ಕೋ. ಸಣ್ಣದರ ಮೇಲೆ ಭಾರ ಹಾಕಬೇಡ. ಎಲ್ಲಾನೂ ದೊಡ್ಡದಕ್ಕೆ ಒಪ್ಪಿಸು."

"ಆಗಲಿ ಸಾಬರೇ. ಎಲ್ಲಾನೂ ದೊಡ್ಡದಕ್ಕೆ."

ಲಾರಿ ಹಾರನ್ ಹೊಡೆಯಿತು. ಪಿಳ್ಳಮ್ಮ ಸೆರಗು ಸರಿಮಾಡಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಬಂದಿತ್ತು.

"ಶಾಮೀ, ಹಾಲೆಲ್ಲ ಒಟ್ಟು ಮಾಡಿ ಒಂದು ಲೋಟ ಯಂತ್ರಕ್ಕೆ ಕೊಡು. ನಾನು ಆಂಜಿನಪ್ಪನ್ನ ಕರ್ಕೊಂಡು ಬರ್ತೀನಿ."

ಆಂಜಿನಪ್ಪನನ್ನು ಕರೆದುಕೊಂಡು ಬಂದಳು. "ಬಾರಪ್ಪ, ನೋಡು! ಬೀಗಾನೂ ಇದೆ, ನಂಬರೂ ಬರ್ತದೆ!"

ನಂಬರು ಬಂದಿತ್ತು. ಆಂಜಿನಪ್ಪ ಓದಿದ. ಕಣ್ಣು ಉಜ್ಜಿ ಮತ್ತೆ ಓದಿದ.

"ಏನಕ್ಕ ಇದು? ಅರ್ಧಕ್ಕರ್ಧ ನೀರು!"

ಪಿಳ್ಳಮ್ಮ ತಿರುಗಿ ನೋಡಿದಳು. ಕ್ಯಾನುಗಳೆಲ್ಲ ಖಾಲಿ. ಹಾಲು ಒಟ್ಟು ಮಾಡುವ ಸ್ಟೀಲ್ ಹಂಡೆ ಖಾಲಿ. ಮೂಲೆಯಲ್ಲಿ ಕ್ಯಾನ್ ತೊಳೆಯುವ ನೀರಿನ ನೀಲಿ ಡ್ರಮ್ಮು. ಡೈರಿಯಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದು ಕಂಠದವರೆಗೆ ಬೆಳ್ಳಗೆ ತುಂಬಿತ್ತು.

"ಎಲ್ಲಾನೂ ದೊಡ್ಡದಕ್ಕೆ ಒಪ್ಪಿಸ್ದೆ," ಅಂದ ಶಾಮಿ.

"ಹಾಲಿಗೆ ನೀರು ಹಾಕಬೇಡ ಅಂದಿರಲಿಲ್ವೇನೋ!"

"ಹಾಲಿಗೆ ನೀರು ಹಾಕಲಿಲ್ಲಮ್ಮ. ನೀರಿಗೆ ಹಾಲು ಹಾಕ್ದೆ."

ಪಿಳ್ಳಮ್ಮ ಪರದೆಯ ಕಡೆ ತಿರುಗಿದಳು. ಕಂಪ್ಯೂಟರ್ ತನ್ನ ಪಾಡಿಗೆ ತಾನು ನಂಬರನ್ನು ಮೇಲಿನ ಆಫೀಸಿಗೆ ಕಳಿಸುತ್ತಿತ್ತು. ಅವಳಿಗೆ ಅದು ಕಂಡಿತು. ಕಿರುಚಿದಳು.

"ಲೋ! ಆ ಬೀಗ ತೆಗೆಯೋ! ನಂಬರು ತಿದ್ದೋ! ತೆಗೆಯೋ!"

ಶಾಮಿ ತಾಯಿಯ ಹೆಗಲ ಮೇಲೆ ಕೈಯಿಟ್ಟ. ಸಮಾಧಾನ ಮಾಡುವವನ ಹಾಗೆ ಹೇಳಿದ.

"ಇನ್ನು ಯಾರ ಕೈಲೂ ತಿದ್ದೋಕೆ ಆಗಲ್ಲಮ್ಮ, ಹೆದರಬೇಡ. ಈಗ ಬೀಗ ದೊಡ್ಡದು ಹಾಕಿದೆ."