ಬನಪ್ಪನ ಹೂಂ

ಮಲಪ್ರಭೆಯ ದಂಡೆಯಲ್ಲಿದ್ದ ಆ ಮಠಕ್ಕೆ ಹೆಸರು ಮಾತ್ರ ದೊಡ್ಡದು. ಮಣ್ಣಿನ ಗೋಡೆಯ ಎರಡು ಕೋಣೆ, ದನದ ಕೊಟ್ಟಿಗೆ, ಹಗಲೆಲ್ಲ ಆರದ ಒಲೆ, ಇಷ್ಟೇ ಅದರ ಸಿರಿ. ಪೂಜ್ಯ ಶ್ರೀ ಕರಿಸಿದ್ಧಜ್ಜನವರು ಗದ್ದುಗೆಯ ಮೇಲೆ ಕುಳಿತವರಲ್ಲ. ದರ್ಶನ ಬೇಕಾದವರು ಅಡುಗೆಮನೆಯ ಕಟ್ಟೆಗೇ ಹೋಗಬೇಕಿತ್ತು. ಶ್ರಾವಣದ ಒಂದು ಮಧ್ಯಾಹ್ನ ಅವರು ಅಲ್ಲಿಯೇ ಕುಳಿತು ದಾಸೋಹಕ್ಕೆಂದು ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದರು.

ಆಗ ಬಂದವನು ನೇಕಾರ ಬನಪ್ಪ. ಕೈಯಲ್ಲಿ ಲಾಳಿಯನ್ನೂ ಮನಸ್ಸಿನಲ್ಲಿ ಶಿವನಾಮವನ್ನೂ ಒಂದೇ ಸಮನೆ ಓಡಿಸುವ ಭಕ್ತನೆಂದು ಊರವರು ಅವನನ್ನು ಹೊಗಳುತ್ತಿದ್ದರು. ಅವನಿಗೂ ಅದು ಒಳಗೊಳಗೇ ಹಿತವಾಗಿತ್ತು. ಮಗ್ಗದ ಮೇಲಿದ್ದಾಗ ಮನೆಯವರು ಏನೇ ಹೇಳಲಿ, ನೂಲೂ ಕಡಿಯದಂತೆ ನಾಮವೂ ತಪ್ಪದಂತೆ ಹೂಂ ಎಂದುಬಿಡುತ್ತಿದ್ದ. ಹೂಂ ಅನ್ನುವುದಕ್ಕೆ ಕಿವಿ ಯಾಕೆ ಬೇಕು, ಮೂಗಿದ್ದರೆ ಸಾಕು.

ಅಂದು ಅವನ ಮುಖ ಬಾಡಿತ್ತು. ಅಜ್ಜನವರು ಅವನನ್ನು ಕಂಡ ಕೂಡಲೇ ಏನೋ ಕೇಳಿದರು. ಬನಪ್ಪ ಹೂಂ ಎಂದು ಪಾದಕ್ಕೆರಗಿ, ತನ್ನ ಸಂಕಟ ತೋಡಿಕೊಳ್ಳತೊಡಗಿದ.

ಅವನ ಹೆಂಡತಿ ಶಾಕವ್ವ ಕಾರಹುಣ್ಣಿಮೆಯ ಸುಮಾರಿಗೆ ತೀರಿಕೊಂಡಿದ್ದಳು. ಜ್ವರ ಬರುವ ಹಿಂದಿನ ಸಂಜೆ ಮಗ್ಗದ ಪಕ್ಕದಲ್ಲಿ ರಾಟಿ ತಿರುವುತ್ತ, ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದವಳು ಗಂಡನನ್ನು ಏನೋ ಕೇಳಿದಳು. ಅವನು ಹೂಂ ಎಂದ. ಅವಳು ನಂಬಲಾರದೆ, "ಖರೇನ?" ಎಂದಳು. ಅವನು ಮತ್ತೆ ಹೂಂ ಎಂದ. ಆಗ ಅವಳ ಮುಖ ಅರಳಿದ್ದನ್ನು ಮಾತ್ರ ಅವನು ಓರೆಗಣ್ಣಿನಲ್ಲಿ ಕಂಡಿದ್ದ. ಮದುವೆಯಾದ ಹೊಸದರಲ್ಲಿ ಕಂಡ ನಗೆ ಅದು. ಮರುದಿನ ಜ್ವರ ಏರಿತು, ಅವಳಿಗೆ ಮತ್ತೆ ಮಾತು ಬರಲೇ ಇಲ್ಲ.

ಅವಳು ಏನು ಕೇಳಿದ್ದಳು? ತಾನು ಯಾವುದಕ್ಕೆ ಮಾತು ಕೊಟ್ಟೆ? ಮಗ್ಗಕ್ಕೆ ಕುಳಿತರೆ ಆ ನಗೆ ಕಣ್ಣಿಗೆ ಕಟ್ಟುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಕೊಟ್ಟ ಮಾತು ನಡೆಸಬೇಕೆಂಬ ಚಿಂತೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅವಳ ದನಿಯಲ್ಲಿ ಆ ಒಂದು ಮಾತು ಇನ್ನೊಮ್ಮೆ ಕೇಳಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು. ತಾಯಿಯ ಜಾಗದಲ್ಲಿ ಕುಳಿತು ಈಗ ಕಂಡಿಕೆ ಸುತ್ತುತ್ತಿದ್ದ ಮಗಳು ಬಾಳವ್ವನನ್ನೂ ಅವನು ವಿಚಾರಿಸಿರಲಿಲ್ಲ. ನಿಮ್ಮವ್ವನ ಕೊನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ ಎಂದು ಮಗಳ ಮುಂದೆ ಒಪ್ಪಿಕೊಳ್ಳುವುದು ಹೇಗೆ?

"ಅಜ್ಜಾರ, ನಿಮಗ ಹಿಂದಿಂದು ಮುಂದಿಂದು ಎಲ್ಲಾ ಗೊತ್ತಾಗತೈತಿ ಅಂತಾರ. ಅಕಿ ಏನ ಕೇಳಿದ್ಲು, ಅಷ್ಟ ಹೇಳ್ರಿ."

ಅವನು ಮಾತು ಆರಂಭಿಸಿದಾಗಲೇ ಅಜ್ಜನವರು ಪುಂಡಿಯ ಕಟ್ಟನ್ನು ಕೆಳಗಿಟ್ಟಿದ್ದರು. ಮುಗಿಸುವವರೆಗೂ ಅವರ ಕೈ ಎಲೆಯ ಕಡೆ ಹೋಗಲಿಲ್ಲ. ಇತ್ತ ಬನಪ್ಪನ ಹೆಬ್ಬೆರಳು, ಅಳುವಾಗಲೂ, ಬೆರಳಿನ ಗೆಣ್ಣುಗಳ ಮೇಲೆ ಜಪ ಎಣಿಸುತ್ತಲೇ ಇತ್ತು. ಅಜ್ಜನವರು ಅದನ್ನು ನೋಡಿ ಮೆಲ್ಲಗೆ ನುಡಿದರು:

"ನೀ ಬಂದ ಕೂಡ್ಲೆ ನಾನೂ ಒಂದ ಮಾತ ಕೇಳಿದೆ. ಹೂಂ ಅಂದಿ. ಏನ ಕೇಳಿದೆ, ಹೇಳು?"

ಆ ಮಾತೂ ಬನಪ್ಪನ ಕಿವಿಗೆ ಬಿದ್ದಿರಲಿಲ್ಲ. ಒಲೆಯ ಮುಂದಿದ್ದ ಅಡುಗೆಯ ಸಂಗವ್ವ ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು. ಯಾವ ತಪ್ಪಿಗೆ ಅಳುತ್ತ ಬಂದಿದ್ದನೋ ಅದೇ ತಪ್ಪನ್ನು ಗುರುಪಾದದ ಮುಂದೆಯೇ ಮಾಡಿ ಕುಳಿತಿದ್ದ. ಅವನ ಹೆಬ್ಬೆರಳು ತಾನಾಗಿ ನಿಂತಿತು. ತಪ್ಪಾಯಿತೆಂದು ಹಣೆ ನೆಲಕ್ಕೆ ಹಚ್ಚಿ, ಇನ್ನೊಮ್ಮೆ ಕೇಳಬೇಕೆಂದು ಬೇಡಿಕೊಂಡ.

ಶ್ರಾವಣ ಮುಗಿಯುವವರೆಗೆ ಸಂಜೆಯ ಪುರಾಣಕ್ಕೆ ಹೂಂಗುಡಲು ಕೂಡುತ್ತೀಯಾ ಎಂದು ಅಜ್ಜನವರು ಕೇಳಿದ್ದರಂತೆ. ಕಥೆ ಹೇಳುವವರ ಎದುರಿಗೆ ಹೂಂ ಅನ್ನುವವನೊಬ್ಬ ಬೇಕೆಂಬುದು ನಿಮಗೂ ಗೊತ್ತು. ಅವನಿಲ್ಲದೆ ಕಥೆ ಹೆಜ್ಜೆ ಕೀಳುವುದಿಲ್ಲ.

"ಅಕಿ ಮಾತು ನನಗ ಗೊತ್ತಿಲ್ಲಪ್ಪ," ಎಂದರು ಅಜ್ಜನವರು. "ನನಗ ಹೂಂ ಅಂದೀಯಲ್ಲ, ಅದನ್ನರೆ ನಡಸು."

ಬನಪ್ಪ ಬರಿಗೈಯಲ್ಲಿ ಹೋದ. ಆದರೆ ಸಂಜೆ ಬಂದು ಕುಳಿತ. ಅವನ ಹೂಂ ಟೊಳ್ಳೆನಿಸಿದ ಕೂಡಲೇ ಅಜ್ಜನವರು ಕಥೆ ನಿಲ್ಲಿಸಿಬಿಡುತ್ತಿದ್ದರು. ಬೈಯುತ್ತಿರಲಿಲ್ಲ, ಸುಮ್ಮನೆ ಅವನ ಮುಖ ನೋಡುತ್ತಿದ್ದರು. ನೆರೆದ ಜನವೆಲ್ಲ ಕಾಯುತ್ತಿತ್ತು, ಅವನು ಬೆವರುತ್ತಿದ್ದ. ಬರಬರುತ್ತ ಕಥೆ ನಿಲ್ಲುವುದು ಕಡಿಮೆಯಾಯಿತು. ಒಂದು ಸಂಜೆ, ದೂರ ಹೋದ ಗಂಡನನ್ನು ಹೆಣ್ಣುಮಗಳೊಬ್ಬಳು ಕರೆಯುವ ಮಾತು ಬಂದಾಗ ಅವನಿಗೆ ಹೂಂ ಅನ್ನಲಾಗಲೇ ಇಲ್ಲ, ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. ಅಂದು ಮಾತ್ರ ಅಜ್ಜನವರು ಹೂಂಗೆ ಕಾಯದೆ ಕಥೆ ಮುಂದುವರಿಸಿದರು.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ಬನಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಾಗ ಬಾಳವ್ವ ಏನೋ ಅಂದಳು. ಹೂಂ ತುಟಿಯವರೆಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡು, ಲಾಳಿ ಬಿಟ್ಟು, ಪೂರ್ತಿಯಾಗಿ ಅವಳ ಕಡೆ ತಿರುಗಿದ.

"ಇನ್ನೊಮ್ಮೆ ಹೇಳವ್ವ."

ಮಗಳು ಗಾಬರಿಯಾದಳು. ಅಪ್ಪ ಹೀಗೆ ಮಗ್ಗ ನಿಲ್ಲಿಸಿ ನೋಡಿದ್ದು ಅವಳಿಗೆ ನೆನಪಿರಲಿಲ್ಲ.

"ದಿನಾ ಕೇಳೂದನ್ನ ಕೇಳಿದ್ನೆಪ್ಪ. ನನಗ ಮಗ್ಗ ಯಾವಾಗ ಕಲಸ್ತಿ? ನನಗ ಕಲಸಂತ ಅವ್ವ ಕೇಳಿದಾಗ ಹೂಂ ಅಂದಿ. ನಾ ಕೇಳಿದ್ರೂ ಹೂಂ ಅಂತಿ."

ಆ ಮನೆತನದ ಹೆಣ್ಣುಮಕ್ಕಳು ಕಂಡಿಕೆ ಸುತ್ತಿದ್ದರೇ ಹೊರತು ಮಗ್ಗದ ಕುಣಿಗೆ ಇಳಿದವರಲ್ಲ. ಶಾಕವ್ವನೂ ಇಳಿದಿರಲಿಲ್ಲ. ಅದಕ್ಕೇ ಅವಳು ಖರೇನ ಎಂದದ್ದು, ಅದಕ್ಕೇ ಆ ನಗೆ. ಬನಪ್ಪ ಮಠದವರೆಗೆ ಹುಡುಕಿಕೊಂಡು ಹೋದ ಮಾತು ರಾಟಿಯ ಪಕ್ಕದಲ್ಲಿ ದಿನವೂ ಅವನನ್ನು ಕೂಗುತ್ತಲೇ ಇತ್ತು. ಅವನು ಬಹಳ ಹೊತ್ತು ಅತ್ತ. ಆಮೇಲೆ ಕುಣಿಯಿಂದ ಮೇಲೆದ್ದು ಬಂದ.

"ಇಳಿ, ಬಾಳವ್ವ."

ದಸರೆಯ ಹೊತ್ತಿಗೆ ತಂದೆ ಮಗಳು ಮಠಕ್ಕೆ ಬಂದರು. ಕೈಯಲ್ಲಿ ಬಾಳವ್ವ ನೇಯ್ದ ಮೊದಲ ಬಟ್ಟೆ, ಅದರ ಅಂಚು ಅಲ್ಲಲ್ಲಿ ಸೊಟ್ಟಗಾಗಿತ್ತು. ಅಜ್ಜನವರು ಕಟ್ಟೆಯ ಮೇಲೆ ಪಲ್ಯ ಬಿಡಿಸುತ್ತಿದ್ದರು. ಇದನ್ನು ಯಾರು ನೇಯ್ದರೆಂದು ಕೇಳಿದರು.

"ನೇಯ್ದಾಕಿ ಇಕಿ," ಎಂದ ಬನಪ್ಪ. "ನೇಯಿಸಿದಾಕಿ ಇವರವ್ವ ರೀ."

ಅಜ್ಜನವರು ಪಲ್ಯದ ಕಟ್ಟನ್ನು ಬದಿಗಿಟ್ಟು, ಆ ಬಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ತಂದೆ ಮಗಳಿಬ್ಬರ ಮುಖವನ್ನೂ ನೋಡಿ, "ಹೂಂ" ಎಂದರು.