ಮಣೆ ಅಂಗಡಿ ಗುರುಮಲ್ಲ

ಹೂಂಗುಟ್ಟಬೇಕು ಮತ್ತೆ! ಹೂಂಗುಟ್ಟದೆ ಬಾಯಿ ಬಿಟ್ಕೊಂಡು ಕೂತೋರಿಗೆ ನಾನು ಕತೆ ಹೇಳೋಳಲ್ಲ. ಏಯ್, ಆ ಮೂಲೇಲಿ ಮೊಬೈಲ್ ಒತ್ತೋನೇ, ಜೇಬಿಗೆ ಹಾಕು ಅದನ್ನ. ಹಾಕ್ದಾ? ಹಾಂ, ಈಗ ಕೇಳಿ.

ನಮ್ಮೂರ ಬಸ್ ಸ್ಟ್ಯಾಂಡ್ ಹಿಂದೆ ನಿಂಗಾಜಮ್ಮ ಅಂತ ಒಬ್ಬಳಿದ್ಲು. ಅವಳದ್ದೊಂದು ಅಂಗಡಿ. ಏನ್ ಮಾರ್ತಿದ್ಲು? ಆಟ ಮಾರ್ತಿದ್ಲು! ಚೌಕಾಬಾರದ ಮಣೆ, ಅಳಗುಳಿ ಮಣೆ, ಹುಲಿ-ಕುರಿ ಆಟದ ಹಲಗೆ, ಕವಡೆ, ಬಣ್ಣದ ಕಾಯಿ. ಗಂಡ ತೀರ್ಕೊಂಡ ಮೇಲೆ ಆ ಅಂಗಡೀಲೇ ಬದುಕು ಕಟ್ಕೊಂಡಿದ್ಲು.

ಅವಳಿಗೊಬ್ಬ ಮಗ, ಗುರುಮಲ್ಲ. ಆಳು ನೋಡಿದ್ರೆ ಆನೆ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. "ಒಲೆ ಮೇಲೆ ಹಾಲಿದೆ, ಉಕ್ಕೋದು ನೋಡ್ಕೋ" ಅಂದ್ರೆ ಕಣ್ಣು ಮಿಟುಕಿಸದೆ ನೋಡ್ಕೊಂಡು ಕೂತು, "ಅವ್ವಾ, ಉಕ್ತು! ಪೂರ್ತಿ ನೋಡ್ದೆ!" ಅನ್ನೋನು.

"ಇವನನ್ನ ಕಟ್ಕೊಂಡು ನಾನು ಯಾವ ಕೆರೆ ಬಾವಿ ನೋಡ್ಕೊಳ್ಳಲಿ!" ಅಂತ ನಿಂಗಾಜಮ್ಮ ಹಣೆ ಚಚ್ಕೊಳ್ಳೋಳು.

ಇವನ ಚಿಂತೆ ಸಾಲದು ಅಂತ ಇನ್ನೊಂದು ಬಂತು. ಈಗಿನ ಕಾಲದಲ್ಲಿ ಮಣೆ ಯಾರಿಗೆ ಬೇಕು? ಅಂಗಡೀಲಿ ನೊಣ ಹೊಡ್ಯೋದೇ ಕೆಲಸ. ಮಳಿಗೆ ಸಾಹುಕಾರ್ ಕೆಂಪನಂಜಪ್ಪ ಬಂದು ಹೇಳೇಬಿಟ್ಟ: "ನೋಡು ನಿಂಗಾಜಮ್ಮ, ನನ್ನ ಮಳಿಗೆ ಸಾಲಲ್ಲಿ ನಿಂದೊಂದೇ ಅಂಗಡಿ ಬಿಕೋ ಅಂತದೆ. ದೀಪಾವಳಿ ಒಳಗೆ ಜನ ಬಂದ್ರೆ ಸರಿ. ಇಲ್ಲಾಂದ್ರೆ ಖಾಲಿ ಮಾಡು. ಮೊಬೈಲ್ ಅಂಗಡಿ ಇಡ್ತೀನಿ ಅಂತ ಒಬ್ಬ ಕಾಯ್ತಾವ್ನೆ."

ಪಾಪ, ಅಂಗಡಿ ಹೋದ್ರೆ ತಾಯಿ ಮಗ ಇಬ್ಬರೂ ಬೀದಿಗೆ. ಹೊಸ ಮಣೆ ಮಾಡಿಸೋಣ ಅಂತ ಬಡಗಿ ಮನೆಗೆ ಹೊರಟೋಳು ಮಗನಿಗೆ ಹೇಳಿದ್ಲು: "ಲೋ ಗುರುಮಲ್ಲ, ಯಾರಾದ್ರೂ ಬಂದ್ರೆ ಸುಮ್ನೆ ಕೂರ್ಬೇಡ ಕಣ್ಲಾ. ಆಡಿ ತೋರ್ಸು!"

"ಆಡಿ ತೋರಿಸ್ತೀನಿ ಕಣವ್ವ!"

ಒಬ್ಬಳು ಅಜ್ಜಿ ಬಂದ್ಲು, ಮೊಮ್ಮಗಳಿಗೊಂದು ಚೌಕಾಬಾರ ಬೇಕು ಅಂತ. ಗುರುಮಲ್ಲ ಕೂರಿಸಿದ, ಕವಡೆ ಕೈಗೆ ಕೊಟ್ಟ, ಆಡಿ ತೋರಿಸ್ದ. ಹೆಂಗ್ ತೋರಿಸ್ದ? ಅಜ್ಜಿ ಕಾಯಿ ಮುಂದೆ ಬಂತೋ, "ಹೊಡ್ದೆ!" ಮತ್ತೊಂದು ಬಂತೋ, "ಹೊಡ್ದೆ!" ಅಜ್ಜಿದು ಒಂದು ಕಾಯೀನೂ ಹಣ್ಣಾಗಲಿಲ್ಲ. "ಸೋತ್ರಿ ಅಜ್ಜಿ! ಮತ್ತೆ ಸೋತ್ರಿ ಅಜ್ಜಿ!" ಅಂತ ತೊಡೆ ತಟ್ಟಿ ನಕ್ಕ. ಅಜ್ಜಿ ಮಣೆ ನೂಕಿ, "ನಿನ್ನ ಅಂಗಡಿಗಿಷ್ಟು ಮಣ್ಣು ಹಾಕ" ಅಂತ ಎದ್ದು ಹೋದ್ಲು.

ನಿಂಗಾಜಮ್ಮ ಬಂದು ಕೇಳಿ ಬೆಂಕಿ ಆದ್ಲು. "ಗಿರಾಕೀನ ಸೋಲಿಸ್ತಾರೇನ್ಲಾ ದಡ್ಡ? ಗಿರಾಕಿ ಮುಂದೆ ನಾವು ಸೋಲ್ಬೇಕು! ಸೋತೆ ಅಂತ ಒಪ್ಕೋಬೇಕು!"

"ಸೋಲ್ತೀನಿ ಕಣವ್ವ!"

ಮಾರನೇ ದಿನ ಒಬ್ಬ ಬಂದ, ಬಗಲಲ್ಲಿ ಒಂದು ಪ್ಲಾಸ್ಟಿಕ್ ಆಟದ ಡಬ್ಬಿ. "ನೋಡಪ್ಪ, ಇದು ಪೇಟೆ ಅಂಗಡೀದು. ಇದು ಒಳ್ಳೇದೋ, ನಿಮ್ಮ ಮಣೆ ಒಳ್ಳೇದೋ? ನಿಮ್ಮದೇ ಒಳ್ಳೇದಾದ್ರೆ ಇದನ್ನ ವಾಪಸ್ ಕೊಟ್ಟು ಬರ್ತೀನಿ."

ಗುರುಮಲ್ಲ ಕೈಮುಗಿದ. "ನಾವು ಸೋತೋ ಸ್ವಾಮಿ!"

"ಅಂದ್ರೆ?"

"ನೀವು ಗೆದ್ರಿ. ಪೇಟೆ ಅಂಗಡಿ ಗೆಲ್ತು. ನಾವು ಸೋತೋ. ಅಲ್ಲಿಗೇ ಹೋಗಿ!"

ಆತ ಹೋದ. ಹೋಗದೆ ಇನ್ನೇನ್ ಮಾಡ್ತಾನೆ? ನಿಂಗಾಜಮ್ಮನಿಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ. "ಅಯ್ಯೋ ನಿನ್ನ ಬಾಯಿಗೆ ಬೀಗ ಬೀಳ! ಬಾಗಿಲಿಗೆ ಬಂದ ಗಿರಾಕೀನ ಕಳಿಸ್ತಾರೇನ್ಲಾ? ಒಳಗೆ ಬಂದೋರನ್ನ ಬಿಡಬಾರ್ದು! ಏನಾದ್ರೂ ತಗೊಳ್ಳೋ ತನಕ ಕೂರಿಸ್ಕೋಬೇಕು!"

"ಕೂರಿಸ್ಕೋತೀನಿ ಕಣವ್ವ!"

ಆಮೇಲೆ ಬಂದೋನು ಯಾರು ಅಂತೀರಿ? ಸಾಕ್ಷಾತ್ ಸಾಹುಕಾರ್ ಕೆಂಪನಂಜಪ್ಪ! ವ್ಯಾಪಾರ ಹೆಂಗದೆ ನೋಡೋಣ ಅಂತ ಒಳಗೆ ಕಾಲಿಟ್ಟ. ಹಿಂದಿನಿಂದ ದಡಾರ್ ಅಂತ ಷಟರ್ ಬಿತ್ತು.

"ಏಯ್! ಏನೋ ಇದು?"

"ಕೂತ್ಕೊಳ್ಳಿ ಸ್ವಾಮಿ. ಏನಾದ್ರೂ ತಗೊಳ್ಳಿ, ಬಿಡ್ತೀನಿ."

"ನಂಗೇನೂ ಬೇಡ ಕಣೋ!"

"ಹಂಗಾರೆ ಕೂತ್ಕೊಳ್ಳಿ."

"ನಾನು ಹೋಗ್ಬೇಕೋ!"

"ಅವ್ವ ಬರ್ಲಿ."

ಸಾಹುಕಾರ್ರು ಷಟರ್ ಬಡಿದ್ರು, ಕೂಗಿದ್ರು, ಬೆವರಿದ್ರು. ನಿಂಗಾಜಮ್ಮ ಓಡಿ ಬಂದು ಷಟರ್ ಎತ್ತಿದಾಗ ಆ ಮನುಷ್ಯ ಕೆಂಪು ಮೆಣಸಿನಕಾಯಿ ಆಗಿದ್ದ. "ದೀಪಾವಳಿಗೆ ಖಾಲಿ ಮಾಡು. ಇನ್ನು ಮಾತಿಲ್ಲ!" ಅಂತ ಹೊರಟೇ ಹೋದ.

ಆ ಹೊತ್ತು ಅವಳು ಮಗನಿಗೆ ಬೈಯೋಕೂ ತ್ರಾಣ ಇಲ್ಲದೆ ಹೊಸ್ತಿಲ ಮೇಲೆ ಕೂತ್ಲು. ಕೂತು ಅತ್ಲು. ಅತ್ತು ಮುಗಿಸಿ ಬೈದ್ಲು. ಬಿಡ್ತಾಳಾ? "ದೊಡ್ಡೋರು ಹೋಗ್ಬೇಕು ಅಂದ್ರೆ ಕೈಮುಗಿದು ದಾರಿ ತೋರಿಸ್ಬೇಕು ಕಣ್ಲಾ, ಮುಠ್ಠಾಳ!"

"ತೋರಿಸ್ತೀನಿ ಕಣವ್ವ!"

ಈಗ ನಮ್ಮೂರ ಶಾಲೆಗೆ ಬನ್ನಿ. ಅಲ್ಲೊಬ್ಬರು ಫರ್ಜಾನ ಟೀಚರ್. ಒಳ್ಳೇ ಹೆಣ್ಣುಮಗಳು. ಅವರ ಕ್ಲಾಸಿನ ಮಕ್ಕಳಿಗೆ ಲೆಕ್ಕ ಅಂದ್ರೆ ಜ್ವರ ಬರೋದು. ಸೌಭಾಗ್ಯ ಅಂತ ಒಂದು ಮಗು, ಎರಡರ ಮಗ್ಗಿ ಹೇಳು ಅಂದ್ರೆ ಲಂಗ ಕಚ್ಕೊಂಡು ಅಳೋದು. ಆಟದಲ್ಲಾದ್ರೂ ಎಣಿಕೆ ಕಲೀಲಿ ಅಂತ ಟೀಚರ್ ಒಂದು ಮಣೆ ಕಳಿಸೋಕೆ ಹೇಳಿ ಕಳಿಸಿದ್ರು. ನಿಂಗಾಜಮ್ಮ ಮಗನ ಕೈಗೆ ಚೌಕಾಬಾರದ ಮಣೆ ಕೊಟ್ಟು, "ಟೀಚರ್ ಏನ್ ಹೇಳ್ತಾರೋ ಹಂಗೇ ಮಾಡು, ಮಾಡಿ ಸೀದಾ ಮನೆಗೆ ಬಾ" ಅಂದ್ಲು.

ಅವನು ಹೋದ ಹೊತ್ತಿಗೆ ಶಾಲೇಲಿ ಗಡಿಬಿಡಿ. ಇಲಾಖೆ ಸಾಹೇಬ್ರು ತಪಾಸಣೆಗೆ ಬರ್ತಾವ್ರೆ! ಟೀಚರ್ ಓಡ್ತಾ ಓಡ್ತಾ ಹೇಳಿದ್ರು: "ಗುರುಮಲ್ಲಣ್ಣ, ಸ್ವಲ್ಪ ಹೊತ್ತು ಮಕ್ಕಳನ್ನ ಆಟದೊಳಗೆ ಸೇರಿಸಿ. ಒಂದು ಮಗೂನೂ ಆಟದಿಂದ ಹೊರಗೆ ಉಳೀಬಾರ್ದು!"

ಗುರುಮಲ್ಲ ಮಣೆ ಕೆಳಗಿಟ್ಟ. ಒಂದು ಮಗುವನ್ನ ಎತ್ತಿ ಮಣೆ ಮೇಲೆ ನಿಲ್ಲಿಸ್ದ. ಮಣೆ ಭರ್ತಿ ಆಯ್ತು! ಇನ್ನೊಂದು ಮಗುವನ್ನ ಎಲ್ಲಿ ನಿಲ್ಲಿಸೋದು? ತಲೆ ಕೆರ್ಕೊಂಡ. ಆಟದ ಮೈದಾನಕ್ಕೆ ಗೆರೆ ಹಾಕೋ ಸುಣ್ಣದ ಪುಡಿ ಮೂಲೇಲಿತ್ತು. ತಗೊಂಡ, ಅಂಗಳದ ತುಂಬಾ ಚೌಕಾಬಾರ ಬರೆದ. ಒಂದೊಂದು ಮನೆ ಒಂದೊಂದು ಚಾಪೆಯಷ್ಟು! ಮಕ್ಕಳೆಲ್ಲ ಕಾಯಿ. ಕವಡೆ? ಬಿಸಿಯೂಟದ ತಟ್ಟೆ ನಾಲ್ಕು ತಂದ. ಎಸೆದ್ರೆ ಝಣ್! ಅಂಗಾತ ಬಿದ್ದ ತಟ್ಟೆ ಎಷ್ಟೋ ಅಷ್ಟು ಮನೆ ನಡಿ. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕು ಮನೆ. ನಾಲ್ಕೂ ಮಕಾಡೆ ಬಿದ್ರೆ ಬಾರ, ಎಂಟು ಮನೆ. ಚೌಕ ಬಿದ್ರೂ ಬಾರ ಬಿದ್ರೂ ಇನ್ನೊಂದು ಸಲ ಎಸೀಬಹುದು. ಹಿಂದಿಂದ ಬಂದೋನು ನಿನ್ನ ಮನೆಗೇ ಬಂದು ನಿಂತ್ರೆ ನಿನ್ನ ಕಾಯಿ ಸತ್ತಂಗೆ, ವಾಪಸ್ ಮೊದಲಿಂದ. ಮಕ್ಕಳು ಕೇಕೆ ಹಾಕಿದ್ದೇ ಹಾಕಿದ್ದು.

ಸರಿಯಾಗಿ ಆಗಲೇ ಸಾಹೇಬ್ರು ಗೇಟಿಂದ ಬಂದ್ರು. "ಏನಿದು ಸಂತೆ? ದಾರಿ ಬಿಡಿ, ನಾನು ಹೆಡ್‌ಮಾಸ್ಟರ್ ರೂಮಿಗೆ ಹೋಗ್ಬೇಕು!"

ದೊಡ್ಡೋರು ಹೋಗ್ಬೇಕು ಅಂದ್ರು! ಗುರುಮಲ್ಲ ಎರಡೂ ಕೈ ಮುಗಿದ. "ಬನ್ನಿ ಸ್ವಾಮಿ, ದಾರಿ ತೋರಿಸ್ತೀನಿ. ಈ ಮನೇಲಿ ನಿಂತ್ಕೊಳ್ಳಿ. ಹೊರಗಿನ ಸುತ್ತು ಮುಗಿಸಿ, ಒಳಗಿನ ಸುತ್ತಿಗೆ ಬಂದು, ನಡುಮನೆಗೆ ಹೋದ್ರೆ ಹಣ್ಣು. ಅಲ್ಲಿಂದ ಹೆಡ್‌ಮಾಸ್ಟರ್ ರೂಮು."

"ಹುಚ್ಚೇನಯ್ಯಾ ನಿಂಗೆ?" ಅಂತ ಸಾಹೇಬ್ರು ಗೆರೆ ದಾಟಿ ಸೀದಾ ನಡೆದ್ರು.

"ಮೋಸ! ಸಾರ್ ಮೋಸ! ಮೋಸ!" ಅಂತ ಅಷ್ಟೂ ಮಕ್ಕಳು ಕಿರುಚಿದ್ವು.

ಸಾಹೇಬ್ರು ಗಕ್ಕನೆ ನಿಂತ್ರು. ಮಕ್ಕಳ ಬಾಯಲ್ಲಿ ಮೋಸಗಾರ ಅನ್ನಿಸ್ಕೊಳ್ಳೋಕೆ ಯಾರಿಗೆ ಇಷ್ಟ ಹೇಳಿ? ಮುಖ ಗಂಟು ಹಾಕ್ಕೊಂಡು ವಾಪಸ್ ಬಂದು ಮನೇಲಿ ನಿಂತ್ರು. ತಟ್ಟೆ ಎಸೆದ್ರು. ಝಣ್! ಚೌಕ! ಮತ್ತೆ ಎಸೆದ್ರು. ಬಾರ! ಹಂಗೇ ಮುಂದೆ ಮುಂದೆ ಹೋದ್ರು. ಮುಖದ ಗಂಟು ಬಿಚ್ತಾ ಬಂತು.

ಆಗ ಹಿಂದಿನ ಮನೇಲಿ ನಿಂತಿದ್ದ ಸೌಭಾಗ್ಯ ಬೆರಳು ಚಾಚಿ ಕೂಗಿದ್ಲು: "ಸಾಹೇಬ್ರು ನಂಗಿಂತ ಹನ್ನೊಂದು ಮನೆ ಮುಂದವ್ರೆ! ನಂಗೊಂದು ಬಾರ, ಆಮೇಲೊಂದು ಮೂರು ಬಿದ್ರೆ ಹೊಡೆದುಹಾಕ್ತೀನಿ!"

ಝಣ್! ಬಾರ. ಝಣ್! ಮೂರು. ಎಂಟು ಮನೆ ಕುಪ್ಪಳಿಸಿ, ಮೂರು ಮನೆ ಕುಪ್ಪಳಿಸಿ, ಸಾಹೇಬ್ರ ಮನೇಲೇ ಬಂದು ನಿಂತ್ಲು. "ಹೊಡ್ದೆ ಸಾರ್! ವಾಪಸ್ ಹೋಗಿ!"

ಫರ್ಜಾನ ಟೀಚರ್ ಓಡಿ ಬಂದು ಸೌಭಾಗ್ಯಳ ಕೈ ಹಿಡ್ಕೊಂಡ್ರು.

"ಹನ್ನೊಂದು ಅಂತ ಹೆಂಗ್ ಗೊತ್ತಾಯ್ತಮ್ಮ?" ಅಂದ್ರು ಸಾಹೇಬ್ರು.

"ಎಂಟೂ ಮೂರೂ ಹನ್ನೊಂದಲ್ವಾ ಸಾರ್? ಅಷ್ಟೂ ಗೊತ್ತಿಲ್ವಾ?"

ಸಾಹೇಬ್ರು ಬಿದ್ದು ಬಿದ್ದು ನಕ್ಕರು. ಟೀಚರ್ ಕಣ್ಣಲ್ಲಿ ನೀರು. ಲಂಗ ಕಚ್ಕೊಂಡು ಅಳ್ತಿದ್ದ ಮಗು ಅದು! "ಟೀಚರ್, ತಪಾಸಣೆ ಆಮೇಲೆ. ಆ ತಟ್ಟೆ ಕೊಡಿ ಇಲ್ಲಿ, ನಾನಿನ್ನೂ ಹಣ್ಣಾಗಿಲ್ಲ" ಅಂದ್ರು ಸಾಹೇಬ್ರು. ಹೊರಡೋವಾಗ, ತಮ್ಮ ಕೆಳಗಿನ ಶಾಲೆಗೆಲ್ಲ ಇಂಥ ಆಟ ಬರ್ಬೇಕು ಅಂದು ಹೋದ್ರು.

ಬಂತು ನೋಡಿ ಜನ! ಆ ಊರ ಮೇಷ್ಟ್ರು, ಈ ಊರ ಟೀಚರ್ರು, ಅವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಅಪ್ಪ ಅಮ್ಮ. ಒಬ್ಬರಿಗೆ ಮಣೆ, ಒಬ್ಬರಿಗೆ ಕವಡೆ, ಒಬ್ಬರಿಗೆ ಸುಮ್ನೆ ಕೂತು ಆಡೋಕೆ ಜಾಗ. ಬಡಗಿ ಕೈ ಸಾಲದಾಯ್ತು. ನಿಂಗಾಜಮ್ಮ ಒಳಗೆ ಕಾಯಿಗೆ ಬಣ್ಣ ಹಚ್ತಾ ಕೂಗಿ ಹೇಳಿದ್ಲು: "ಲೋ ಗುರುಮಲ್ಲ, ಯಾರೇ ಆಗ್ಲಿ ಸಾಲಲ್ಲಿ ಬರ್ಲಿ! ಕೇಳಿದ್ದು ಕೈಲಿ ಇಲ್ಲದಿದ್ರೆ ಇಲ್ಲ ಅಂತ ಮುಖ ಮುರೀಬೇಡ. ಹಬ್ಬ ಕಳೀಲಿ ಬನ್ನಿ ಅನ್ನು. ನಗ್ತಾ ಅನ್ನು!"

"ನಗ್ತಾ ಅಂತೀನಿ ಕಣವ್ವ!"

ದೀಪಾವಳಿ ಹಿಂದಿನ ದಿನ ಸಾಹುಕಾರ್ ಕೆಂಪನಂಜಪ್ಪ ಬಂದ. ಒಳಗೆ ನುಗ್ಗೋಕೆ ಹೋದ. ಗುರುಮಲ್ಲ ಹೆಗಲು ಹಿಡಿದು ಸಾಲಿನ ಬಾಲಕ್ಕೆ ಬಿಟ್ಟು ಬಂದ.

"ನಾನ್ಯಾರು ಗೊತ್ತೇನೋ?"

"ಗೊತ್ತು ಸ್ವಾಮಿ, ಮಳಿಗೆ ಸಾಹುಕಾರ್ರು. ಸಾಲಲ್ಲಿ ಬನ್ನಿ."

ನಿಂತ. ನಿಲ್ಲದೆ ವಿಧಿ ಇಲ್ಲ. ನಿಂತು ನೋಡ್ದ. ಸಾಲಲ್ಲಿ ನಿಂತೋರು ಪಕ್ಕದ ಮಳಿಗೇಲಿ ಟೀ ಕುಡೀತಾವ್ರೆ, ಅದರ ಪಕ್ಕದಲ್ಲಿ ಬೋಂಡ ತಿಂತಾವ್ರೆ. ಅವನ ಮಳಿಗೆ ಸಾಲಿಗೆ ಸಾಲೇ ಗಿಜಿಗಿಜಿ ಅಂತಿತ್ತು. ಆದ್ರೂ ಷಟರ್ ಒಳಗೆ ಬೆವರಿದ ಸಿಟ್ಟು ಇಳಿದಿರಲಿಲ್ಲ. ಅವನ ಸರದಿ ಬಂತು.

"ಏನ್ ಬೇಕು ಸ್ವಾಮಿ?"

"ಅಂಗಡಿ ಬೀಗದ ಕೈ ಬೇಕು ಕಣೋ! ಕೊಡು!"

ಒಳಗೆ ನಿಂಗಾಜಮ್ಮನ ಕೈಲಿದ್ದ ಬಣ್ಣದ ಕುಂಚ ಜಾರಿ ಬಿತ್ತು. ಬೀಗದ ಕೈ ಇದ್ದಿದ್ದು ಅವಳ ಸೊಂಟದಲ್ಲಿ. ಗುರುಮಲ್ಲ ತನ್ನ ಬಲಗೈ ನೋಡ್ಕೊಂಡ. ಎಡಗೈ ನೋಡ್ಕೊಂಡ. ಆಮೇಲೆ ಹಲ್ಲು ಕಿಸಿದು ನಕ್ಕ.

"ಈಗ ಕೈಲಿಲ್ಲ ಸ್ವಾಮಿ. ಹಬ್ಬ ಕಳೀಲಿ, ಬನ್ನಿ."

"ಯಾವ ಹಬ್ಬನೋ?"

"ಯಾವುದು ಅಂತ ಅವ್ವ ಹೇಳಿಲ್ಲ. ದೀಪಾವಳಿ ಕಳೀಲಿ, ಸಂಕ್ರಾಂತಿ ಕಳೀಲಿ, ಶಿವರಾತ್ರಿ ಕಳೀಲಿ, ಯುಗಾದಿ ಕಳೀಲಿ... ಎಲ್ಲಾ ಹಬ್ಬ ಕಳೀಲಿ ಸ್ವಾಮಿ!"

ಸಾಲಿಗೆ ಸಾಲೇ ಗೊಳ್ ಅಂತು. ಕೆಂಪನಂಜಪ್ಪ ಬಿಗಿದ ತುಟಿ ಬಿಗಿದಂಗೇ ಇಟ್ಕೊಳ್ಳೋಕೆ ನೋಡ್ದ. ಆಗಲಿಲ್ಲ. ಹೊಟ್ಟೆ ಕುಣೀತು, ಭುಜ ಕುಣೀತು, ಆಮೇಲೆ ನಗು ಫಳ್ ಅಂತ ಆಚೆಗೇ ಬಂತು.

"ಎಲ್ಲಾ ಹಬ್ಬ ಯಾವತ್ತು ಕಳೀತದೋ! ಆಯ್ತು ನಿಂಗಾಜಮ್ಮ, ಅಂಗಡಿ ನೀನೇ ಇಟ್ಕೋ. ಎಲ್ಲಾ ಹಬ್ಬ ಕಳೆದ ಮೇಲೆ ಬರ್ತೀನಿ."

ನಿಂಗಾಜಮ್ಮ ಸೆರಗಲ್ಲಿ ಮುಖ ಮುಚ್ಕೊಂಡು ಅತ್ಲು, ಈ ಸಲ ಸಂತೋಷಕ್ಕೆ. ಹೊರಟ ಸಾಹುಕಾರ್ರ ಬೆನ್ನಿಗೆ ಗುರುಮಲ್ಲ ಗಟ್ಟಿಯಾಗಿ ಕೂಗಿದ:

"ಆಗ್ಲಿ ಸ್ವಾಮಿ! ಆವಾಗ್ಲೂ ಸಾಲಲ್ಲೇ ಬನ್ನಿ!"