ಹಣ್ಣಿನ ವ್ಯಾಪಾರಿಯ ಮೊಮ್ಮಗಳು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕಿರಿಯರಿಗೆ ಪಾಠ ಹೇಳುವ ಕೆಲಸವನ್ನು ನನಗೆ ಒಪ್ಪಿಸಿದಿರಿ. ನನಗೆ ಗೊತ್ತಿರುವುದನ್ನೆಲ್ಲ ಅವರಿಗೆ ಧಾರೆ ಎರೆಯುತ್ತಿದ್ದೇನೆ. ಒಂದೂ ಅವರ ತಲೆಗೆ ಹತ್ತುತ್ತಿಲ್ಲ. ಅವರಿಗೆ ಕಲಿಯುವ ಮನಸ್ಸೇ ಇಲ್ಲ. ಪಾಠ ನಿಲ್ಲಿಸಿಬಿಡಲೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹಣ್ಣಿನ ವ್ಯಾಪಾರಿ ಇದ್ದ. ಊರಿನ ಮಕ್ಕಳೆಲ್ಲ ಅವನ ಅಂಗಡಿಯ ಹಣ್ಣು ತಿಂದೇ ಬೆಳೆದವರು. ತನ್ನ ಮೊಮ್ಮಗಳು ಯಾವಾಗ ಹಣ್ಣು ತಿಂದಾಳೋ ಎಂದು ಅವನಿಗೆ ಒಂದೇ ತವಕ. ಮಗುವಿಗೆ ಆರು ತಿಂಗಳು ತುಂಬಿತು. ಕತ್ತು ನಿಂತಿತ್ತು, ಆಸರೆ ಕೊಟ್ಟರೆ ಕೂರುತ್ತಿತ್ತು. ಸೊಸೆ ಚೆನ್ನಾಗಿ ಕಳಿತ ಬಾಳೆಹಣ್ಣನ್ನು ನುಣ್ಣಗೆ ಕಿವುಚಿ, ಚಮಚದ ತುದಿಯಲ್ಲಿ ಇಷ್ಟು ನೆಕ್ಕಿಸಿದಳು. ಮಗು ಅದನ್ನು ನಾಲಿಗೆಯಿಂದ ಹೊರಗೆ ತಳ್ಳಿತು.

ವ್ಯಾಪಾರಿಗೆ ಮುಖಭಂಗವಾಯಿತು. ಬಾಳೆಹಣ್ಣು ಹಿಡಿಸಲಿಲ್ಲ ಎಂದುಕೊಂಡ. ಸೊಸೆ ಕೈ ತೊಳೆಯಲು ಹೋದಾಗ, ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ದಪ್ಪನೆಯ ದ್ರಾಕ್ಷಿಯೊಂದನ್ನು ಇಡಿಯಾಗಿ ಬಾಯಿಗಿಟ್ಟ. ಬೀಜವಿಲ್ಲ, ಮೆತ್ತಗಿದೆ, ಇನ್ನೇನು ಭಯ? ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಂಡಿತು. ಮಗುವಿಗೆ ಅಳುವುದಕ್ಕೂ ಆಗಲಿಲ್ಲ. ವ್ಯಾಪಾರಿ ಗಾಬರಿಯಲ್ಲಿ ಅದರ ಬಾಯಿಗೆ ಬೆರಳು ಹಾಕಲು ಹೋದ. ಓಡಿ ಬಂದ ಸೊಸೆ ಅವನ ಕೈಯನ್ನು ತಳ್ಳಿ, ಮಗುವನ್ನು ತಲೆ ತಗ್ಗಾಗುವಂತೆ ತನ್ನ ತೋಳಿನ ಮೇಲೆ ಬೋರಲು ಹಾಕಿಕೊಂಡು, ಬೆನ್ನಿಗೆ ಬಲವಾಗಿ ತಟ್ಟಿದಳು. ದ್ರಾಕ್ಷಿ ಹೊರಗೆ ಬಿತ್ತು. ಮಗು ಕಿರುಚಿ ಅತ್ತಿತು. ಆ ಅಳು ಕೇಳಿ ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು.

"ಇವಳಿಗೆ ಇನ್ನು ಹಣ್ಣಿನ ಸಹವಾಸವೇ ಬೇಡಮ್ಮ," ಎಂದ.

"ಬೇಡ ಅಂತ ಅವಳು ಹೇಳಲಿಲ್ಲ ಮಾವ. ಇಷ್ಟು ದಿನ ಚೀಪೋದು ಬಿಟ್ಟರೆ ಆ ನಾಲಿಗೆಗೆ ಬೇರೆ ಏನು ಗೊತ್ತು?" ಎಂದಳು ಸೊಸೆ.

ಮರುದಿನ ಅವಳು ಮಗುವನ್ನು ನೆಟ್ಟಗೆ ಕೂರಿಸಿ, ಮತ್ತೆ ಬಾಳೆಹಣ್ಣನ್ನೇ ಒಂದು ಗಂಟೂ ಉಳಿಯದಂತೆ ಕಿವುಚಿ ಕೊಟ್ಟಳು. ಮಗು ತಳ್ಳಿತು. ಅವಳು ಬಾಯಿ ಒರೆಸಿ ನಕ್ಕಳು. ಒತ್ತಾಯ ಮಾಡಲಿಲ್ಲ, ಮಗುವಿನ ಮುಖದಿಂದ ಕಣ್ಣನ್ನೂ ಕೀಳಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ವ್ಯಾಪಾರಿ ಪ್ರತಿ ಸಲವೂ ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದ. ಒಂದು ಬೆಳಿಗ್ಗೆ ಮಗು ನುಂಗಿತು. ಬಾಯಿ ಚಪ್ಪರಿಸಿತು. ಚಮಚ ದೂರ ಹೋದದ್ದೇ ತಡ, ಇನ್ನೂ ಬೇಕೆಂದು ಬಾಯಿ ತೆರೆಯಿತು. ವ್ಯಾಪಾರಿಯ ಮುಖ ಊರಗಲವಾಯಿತು.

ಕತೆ ಕೇಳಿ ಶಿಷ್ಯ ಹುರುಪಿನಿಂದ ಎದ್ದು ನಿಂತ. "ತಿಳಿಯಿತು ಗುರುಗಳೇ. ಅವರು ಬೇಡವೆಂದಿಲ್ಲ. ನಾಳೆ ಬೆಳಿಗ್ಗೆಯೇ ಎಲ್ಲವನ್ನೂ ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ಹೇಳಿಬಿಡುತ್ತೇನೆ."

ಗುರುಗಳು ನಕ್ಕು ಹೇಳಿದರು: "ಹೇಳಪ್ಪ, ಆದರೆ ನಿನ್ನ ಕೈಯಲ್ಲಿ ಇನ್ನೂ ದ್ರಾಕ್ಷಿಯೇ ಇದೆಯಲ್ಲ."